ಹಳಿಯ ಪಕ್ಕದ ಒಂದೆಲಗ

ಸಾಗರದಲ್ಲಿ ತೋಟದವರೂ ಮೇಷ್ಟ್ರುಗಳೂ ಸೇರಿದ್ದ ಒಂದು ಸಂಜೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಒಂದು ಬಟ್ಟಲು ತಂಬುಳಿ. ಹೋದ ಮಳೆಗಾಲದಲ್ಲಿ ಆನಂದಪುರದ ನಮ್ಮ ಅತ್ತಿಗೆ ಮನೆಗೆ ಹೋಗಿದ್ದೆ. ಊಟಕ್ಕೆ ಒಂದೆಲಗದ ತಂಬುಳಿ. ಎರಡು ಸಲ ಹಾಕಿಸಿಕೊಂಡು ಕುಡಿದೆ. ಆಮೇಲೆ ಅಡುಗೆಮನೆಯಲ್ಲಿ ಉಳಿದಿದ್ದ ಸೊಪ್ಪು ನೋಡಿದರೆ ಒಂದೊಂದು ಎಲೆಯೂ ರೂಪಾಯಿ ನಾಣ್ಯದ ಎರಡರಷ್ಟು. "ಇದೆಲ್ಲಿ ಸಿಕ್ತು ಅತ್ತಿಗೆ?" ಅಂದೆ. "ಸ್ಟೇಷನ್ ಹತ್ರ, ಹಳಿ ಪಕ್ಕದ ಚರಂಡೀಲಿ. ಅಲ್ಲಿ ಬೆಳೆದಷ್ಟು ಸೊಂಪಾಗಿ ಎಲ್ಲೂ ಬೆಳೆಯಲ್ಲ" ಅಂದರು. ನನ್ನ ಮುಖ ನೋಡಿ, "ಯಾಕೆ, ತಿನ್ನಬಾರದಾ? ಮೂವತ್ತು ವರ್ಷ ಮಣ್ಣಿನ ಪಾಠ ಮಾಡಿದವನು ನೀನು, ಹೇಳು" ಅಂದರು.

ಕುಡಿದಾದ ಮೇಲೆ ಬಂದ ಪ್ರಶ್ನೆ. ಅವತ್ತು ಏನೋ ಹೇಳಿ ಜಾರಿಕೊಂಡೆ. ರೈಲು ಮಣ್ಣಿಗೆ ಉದುರಿಸಿದ ಲೋಹ ಸೊಪ್ಪಿಗೆ ಏರುತ್ತಾ ಅಂತ ಇವತ್ತು ನಿಮ್ಮ ಮುಂದೆ ಸರಿಯಾಗಿ ಉತ್ತರ ಹುಡುಕೋಣ ಅಂತ ಬಂದಿದ್ದೇನೆ.

ಮೊದಲು ಈ ಹಳಿಯ ವಯಸ್ಸು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪ ಮುಟ್ಟಿದ್ದು 1940ರ ಹೊತ್ತಿಗೆ. ಉಗಿಬಂಡಿ ಓಡಿತು, ಡೀಸೆಲ್ ಓಡಿತು, ಮೀಟರ್ ಗೇಜ್ ಮೇಲೆ ಪುಟ್ಟ ರೈಲ್ ಬಸ್ಸೂ ಓಡಿತು. ಅದರಲ್ಲಿ ಕೂತವರು ಕೈ ಎತ್ತಿ ಅಂದರೆ ಇಲ್ಲಿ ಅರ್ಧ ಜನ ಎತ್ತುತ್ತೀರಿ. 2011ರ ಹೊತ್ತಿಗೆ ಬ್ರಾಡ್ ಗೇಜ್ ತಾಳಗುಪ್ಪ ತಲುಪಿತು. ಈಗ ಮೇಲೆ ವಿದ್ಯುತ್ ತಂತಿಯೂ ಬಂದಿದೆ. ಒಂದೊಂದು ಕಾಲದ ಬಂಡಿಯೂ ಮಣ್ಣಿನಲ್ಲಿ ಏನಾದರೂ ಬಿಟ್ಟು ಹೋಗುತ್ತೆ. ಎಲೆ ಬಿದ್ದರೆ ಕೊಳೆಯುತ್ತೆ, ಎಣ್ಣೆ ಚೆಲ್ಲಿದರೂ ಸೂಕ್ಷ್ಮಜೀವಿಗಳು ನಿಧಾನಕ್ಕೆ ತಿಂದು ಮುಗಿಸುತ್ತವೆ. ಸೀಸ ಹಾಗಲ್ಲ. 1940ರಲ್ಲಿ ಬಿದ್ದ ಸೀಸ ಇವತ್ತಿಗೂ ಸೀಸವೇ.

ಈಗ ಇದನ್ನು ನೋಡಿ. ಎರಡು ಪೊಟ್ಟಣ ತಂದಿದ್ದೇನೆ. ಒಂದರಲ್ಲಿ ಹಳಿಯ ಪಕ್ಕದ ಮಣ್ಣು. ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಈ ಮಣ್ಣಿನೊಳಗೆ ಆಡಿಸುತ್ತೇನೆ. ನೋಡಿ, ಕಪ್ಪು ಮೀಸೆ ಬಂತು. ಮುಂದಿನ ಸಾಲಿನವರು "ಅಬ್ಬಾ, ಎಷ್ಟೊಂದು ಕಬ್ಬಿಣ" ಅಂತಿದ್ದೀರಿ. ಸ್ವಲ್ಪ ತಡೀರಿ. ಈಗ ಎರಡನೇ ಪೊಟ್ಟಣ. ಇದು ನಮ್ಮ ತೋಟದ ಮೇಲಿನ ಬೇಣದ್ದು, ಅಂದರೆ ಹುಲ್ಲಿಗೆ ಬಿಟ್ಟ ಗುಡ್ಡದ್ದು. ಹಳಿಯಿಂದ ಎರಡು ಮೈಲಿ ದೂರ. ಆಡಿಸಿದೆ. ನೋಡಿ, ಇದಕ್ಕೂ ಮೀಸೆ ಬಂತು!

ಇಲ್ಲಿಗೆ ಬರಲಿ ಅಂತಲೇ ಈ ಆಟ ಆಡಿದ್ದು. ನಮ್ಮದು ಜಂಬಿಟ್ಟಿಗೆಯ ಸೀಮೆ. ಕಬ್ಬಿಣ ಮಣ್ಣಿನಲ್ಲೇ ಇದೆ, ಅದರಲ್ಲಿ ಅಯಸ್ಕಾಂತಕ್ಕೆ ಅಂಟುವ ಕಾಳುಗಳೂ ಇವೆ. ಸುಮ್ನೆ ಹಳಿ ಪಕ್ಕದ ಒಂದು ಪೊಟ್ಟಣ ತೋರಿಸಿ "ರೈಲ್ವೆ ವಿಷ" ಅಂದಿದ್ದರೆ ನೀವು ನಂಬಿಬಿಡುತ್ತಿದ್ದಿರಿ. ಮಸೂರದಲ್ಲಿ ನೋಡಿದರೆ ಮಾತ್ರ ವ್ಯತ್ಯಾಸ ಕಾಣುತ್ತೆ. ಬೇಣದ ಕಾಳು ಉಂಡೆಯುಂಡೆ, ಮಂಕು, ಸವೆದ ಸಾಸಿವೆಯ ಥರ. ಹಳಿ ಪಕ್ಕದ ಪೊಟ್ಟಣದಲ್ಲಿ ಆ ಕಾಳುಗಳ ಜೊತೆಗೆ ತೆಳು ಚಕ್ಕೆಗಳಿವೆ. ಒಂದು ಮಗ್ಗುಲು ಹೊಳಪು, ಇನ್ನೊಂದು ಮಗ್ಗುಲು ತುಕ್ಕು. ಚಕ್ರ, ಹಳಿ, ಬ್ರೇಕು ಒಂದಕ್ಕೊಂದು ಉಜ್ಜಿ ಉದುರಿದ್ದು ಅದು.

ಈ ಉದುರುವಿಕೆ ಎಷ್ಟು? ಈಗಿನ ಹಳಿ ಮೀಟರಿಗೆ 52 ಅಥವಾ 60 ಕಿಲೋ ತೂಗುತ್ತೆ. 60 ಅಂತಲೇ ಇಟ್ಟುಕೊಳ್ಳಿ. ಒಂದು ಕಿಲೋಮೀಟರಿಗೆ ಎರಡು ಹಳಿ ಸೇರಿ 120 ಟನ್ ಉಕ್ಕು. ಹಳಿಯ ಉಕ್ಕಿನಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಮ್ಯಾಂಗನೀಸ್ ಇರುತ್ತೆ. ಅಂದರೆ ಕಿಲೋಮೀಟರಿಗೆ ಒಂದು ಟನ್ನಿಗಿಂತ ಸ್ವಲ್ಪ ಜಾಸ್ತಿ ಮ್ಯಾಂಗನೀಸ್ ಅಲ್ಲಿ ಮಲಗಿದೆ. ಸವೆಯುವುದು ಅದರಲ್ಲಿ ಚೂರುಪಾರು. ಬ್ರೇಕಿನ ಕಡೆಯಿಂದ ಮೊದಲೆಲ್ಲ ಬೀಡುಕಬ್ಬಿಣದ ಪುಡಿ ಬೀಳುತ್ತಿತ್ತು, ಆಮೇಲೆ ನಾನಾ ವಸ್ತು ಸೇರಿಸಿ ಒತ್ತಿ ಮಾಡಿದ ಬ್ಲಾಕುಗಳು ಬಂದವು. ತಂತಿಯ ಕಂಬಗಳಿಗೆ ಸತುವಿನ ಲೇಪ. ಮಳೆ ಹೊಡೆದಂತೆ ಅದು ತೊಳೆದು ಬುಡಕ್ಕೆ ಇಳಿಯುತ್ತೆ, ನಿಮ್ಮ ಕೊಟ್ಟಿಗೆಯ ಜಿಂಕ್ ಶೀಟಿನ ಅಡಿ ಆಗುವ ಹಾಗೇ. ಕಬ್ಬಿಣದ ಸೇತುವೆಗಳಿಗೆ ಹಿಂದೆ ಬಳಿಯುತ್ತಿದ್ದ ಕೆಂಪು ಬಣ್ಣ ಸೀಸದ್ದು. ಮರದ ಸ್ಲೀಪರುಗಳಿಗೆ ಹುಳ ಹಿಡಿಯದಿರಲಿ ಅಂತ ಕ್ರಿಯೋಸೋಟ್ ಕುಡಿಸುತ್ತಿದ್ದರು. ಅದು ಲೋಹ ಅಲ್ಲ, ಡಾಂಬರಿನ ಬಂಧು. ಆದರೂ ಒಳ್ಳೆಯದಲ್ಲ. ಹಳೇ ಸ್ಲೀಪರ್ ಕೊಂಡು ತಂದು ಬಚ್ಚಲ ಕಟ್ಟೆಗೆ, ಬಾವಿಯ ಹತ್ತಿರಕ್ಕೆ ಹಾಕಿಕೊಂಡವರು ಇದ್ದರೆ ಅದನ್ನು ಬೇಲಿ ಕಡೆಗೆ ಸಾಗಿಸಿಬಿಡಿ.

ಉಗಿಬಂಡಿಯ ಬೂದಿ ಬೇರೆಯದೇ ಕತೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ತುಂಬ. ನೂರು ಕಿಲೋ ಸುಟ್ಟರೆ ಮೂವತ್ತು ನಲವತ್ತು ಕಿಲೋ ಬೂದಿಯೇ ಉಳಿಯುವ ಕಲ್ಲಿದ್ದಲು ನಮ್ಮಲ್ಲಿ ಸಾಮಾನ್ಯ. ಇದ್ದಲು ಸುಟ್ಟು ಹೋದರೂ ಅದರೊಳಗಿದ್ದ ಆರ್ಸೆನಿಕ್, ಸೀಸದಂಥವು ಬಹುಪಾಲು ಬೂದಿಯಲ್ಲೇ ಕೂಡಿಕೊಳ್ಳುತ್ತವೆ.

ಇಷ್ಟು ಹೇಳುವಾಗ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತರು. ಗ್ಯಾಂಗ್‌ಮನ್ ಆಗಿ ಹಳಿ ನೋಡಿಕೊಳ್ಳುತ್ತಿದ್ದು ನಿವೃತ್ತರಾದವರು. ಅವರು ಹೇಳಿದ್ದು ನನ್ನ ಪುಸ್ತಕಗಳಲ್ಲಿ ಇಷ್ಟು ಚೆನ್ನಾಗಿ ಇಲ್ಲ. "ಮೇಷ್ಟ್ರೇ, ಬೂದಿ ದಾರಿಯುದ್ದಕ್ಕೂ ಬೀಳ್ತಿರಲಿಲ್ಲ. ಎಂಜಿನ್ ನೀರು ಕುಡಿಯೋಕೆ ನಿಂತಲ್ಲಿ ಕೆರೆದು ಹಾಕೋರು. ಬ್ರೇಕ್ ಪುಡೀನೂ ಹಾಗೇ. ಹೊಸ ಜಲ್ಲಿ ಹಾಕಿ ನೋಡಿ, ನಡು ಕಾಡಲ್ಲಿ ವರ್ಷಗಟ್ಟಲೆ ಬೂದು ಬಣ್ಣ ಇರುತ್ತೆ. ಸ್ಟೇಷನ್ನಿಗೆ ಬರೋ ಸಿಗ್ನಲ್ ದಾಟಿದ ಮೇಲೆ ಕೆಂಪಗಾಗುತ್ತೆ. ಗಾಡಿ ಬ್ರೇಕ್ ಹಿಡಿಯೋದು ಅಲ್ಲಿ ತಾನೆ."

ಚಪ್ಪಾಳೆ ಅವರಿಗೇ ಹೋಯಿತು. ಹೋಗಬೇಕಾದ್ದೇ. ಪೋಲೆಂಡಿನಲ್ಲಿ ಇಳಾವಾ ಅಂತ ಒಂದು ಜಂಕ್ಷನ್ ಇದೆ. ಅಲ್ಲಿಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇಡೀ ಜಂಕ್ಷನ್ನನ್ನು ಒಂದೇ ಜಾಗ ಅಂತ ನೋಡಲಿಲ್ಲ. ಪ್ಲಾಟ್‌ಫಾರಂ ಹಳಿ, ಬಂಡಿ ನಿಲ್ಲಿಸುವ ಪಕ್ಕದ ಹಳಿ, ಸರಕು ಏರಿಸುವ ಕಟ್ಟೆ, ಬೋಗಿ ತೊಳೆಯುವ ಜಾಗ ಅಂತ ನಾಲ್ಕು ಮಾಡಿ ಮಣ್ಣನ್ನೂ ಗಿಡವನ್ನೂ ತೆಗೆದರು. ಡಾಂಬರಿನ ಜಾತಿಯ ರಾಸಾಯನಿಕಗಳು ನಾಲ್ಕೂ ಕಡೆ ಇದ್ದವು, ಆದರೆ ಪ್ಲಾಟ್‌ಫಾರಂ ಮತ್ತು ಪಕ್ಕದ ಹಳಿಯಲ್ಲಿ ಉಳಿದೆರಡಕ್ಕಿಂತ ತುಂಬ ಜಾಸ್ತಿ. ಒಂದೇ ಸ್ಟೇಷನ್ನಿನೊಳಗೆ ಇಷ್ಟು ಫರಕು ಇದ್ದರೆ, "ಶಿವಮೊಗ್ಗ ತಾಳಗುಪ್ಪ ಹಳಿಯ ಪಕ್ಕದ ಮಣ್ಣು" ಅಂತ ಒಂದೇ ಮಾತಿನಲ್ಲಿ ಹೇಳುವುದಕ್ಕೆ ಅರ್ಥವೇ ಇಲ್ಲ. ಯಾವ ಗೇಣು ಮಣ್ಣು ಅಂತ ಕೇಳಬೇಕು.

ನಮ್ಮ ಕಡೆ ಇನ್ನೂ ಒಂದು ತೊಡಕಿದೆ. ಬೇರೆ ದೇಶದ ಅಧ್ಯಯನಗಳಲ್ಲಿ ಹಳಿಯಿಂದ ದೂರ ಹೋದ ಹಾಗೆ ಲೋಹ ಕಡಿಮೆ ಆಗುತ್ತೆ ಅಂತ ಇರುತ್ತೆ. ಚೀನಾದ ಸಿಚುವಾನ್ ಗುಡ್ಡಗಳ ರೈಲು ಹಾದಿಯಲ್ಲೂ ಹೀಗೇ ಅಳೆದಿದ್ದಾರೆ. ಗಾಳಿಯಲ್ಲಿ ಹಾರುವ ಪುಡಿಗೆ ಆ ಲೆಕ್ಕ ಸರಿ. ಆದರೆ ನಮ್ಮಲ್ಲಿ ಆರು ತಿಂಗಳು ಸಾಗಿಸುವ ಕೆಲಸ ನೀರಿನದು. ಗುಡ್ಡ ಕಡಿದ ಜಾಗದಲ್ಲಿ ನೀರೆಲ್ಲ ಹಳಿಯ ಪಕ್ಕದ ಚರಂಡಿಗೆ ಇಳಿಯುತ್ತೆ, ಮೋರಿ ಸಿಕ್ಕಿದಲ್ಲಿ ಆಚೆ ನುಗ್ಗುತ್ತೆ, ಅಲ್ಲಿಂದ ಗದ್ದೆಗೆ. ಹಳಿಯಿಂದ ಹತ್ತು ಅಡಿಯ ಏರುಮಣ್ಣು ಸ್ವಚ್ಛ ಇದ್ದು, ನೂರು ಅಡಿ ಕೆಳಗಿನ ಮೋರಿ ಬಾಯಲ್ಲಿ ಗೋಡು ಕೂತಿರಬಹುದು. ಸ್ಕೇಲ್ ಹಿಡಿದು ಅಳೆಯುವ ಮೊದಲು ಮಳೆಗಾಲದಲ್ಲಿ ಒಂದು ಸಲ ಕೊಡೆ ಹಿಡಿದು ನಿಂತು ನೀರು ಎಲ್ಲಿಗೆ ಹೋಗುತ್ತೆ ಅಂತ ನೋಡಬೇಕು. ಜೊತೆಗೆ, ಬ್ರಾಡ್ ಗೇಜ್ ಮಾಡುವಾಗ ಹಳೇ ದಿಬ್ಬ ಅಗಲ ಮಾಡಿದ್ದಾರೆ, ಹೊಸ ಮಣ್ಣು ಬಿದ್ದಿದೆ. ಹಳೇ ಬೂದಿ ಮೇಲೇ ಇರುತ್ತೆ ಅನ್ನುವ ಹಾಗಿಲ್ಲ. ಅಡಿಯಲ್ಲೋ ಪಕ್ಕದಲ್ಲೋ ಸೇರಿಹೋಗಿರುತ್ತೆ.

ಸರಿ, ಲೋಹ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಅದು ರೈಲಿನದ್ದೇನಾ?

ಕುಂಸಿಯಲ್ಲಿ ಹಳಿ ಪಕ್ಕದ ಮಣ್ಣಲ್ಲಿ ಮ್ಯಾಂಗನೀಸ್ ಜಾಸ್ತಿ ಬಂದರೆ ನಾನು ಹಳಿಯನ್ನು ದೂರಲ್ಲ. ಆ ಸೀಮೆಯಲ್ಲಿ ಮ್ಯಾಂಗನೀಸ್ ಅದಿರನ್ನೇ ಅಗೆದು ತೆಗೆಯುತ್ತಿದ್ದರು. ಸೀಸ ಬಂದರೂ ಸ್ವಲ್ಪ ತಡೆಯಬೇಕು. ನಮ್ಮ ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು ಹೊನ್ನಾವರ ರಸ್ತೆ, ಎಷ್ಟೋ ಕಡೆ ಹಳಿಯ ಮಗ್ಗುಲಲ್ಲೇ ಓಡುತ್ತೆ, ಇಬ್ಬರು ಅಕ್ಕತಂಗಿಯರ ಥರ. 2000ದ ತನಕ ಪೆಟ್ರೋಲಿನಲ್ಲಿ ಸೀಸ ಹಾಕುತ್ತಿದ್ದರು. ಆ ಸೀಸ ಲಾರಿ ಬಸ್ಸಿನದಲ್ಲ, ಅವು ಡೀಸೆಲ್. ಕಾರು, ಸ್ಕೂಟರುಗಳದ್ದು. ಅದು ರಸ್ತೆ ಬದಿಯಲ್ಲಿ ಇನ್ನೂ ಕೂತಿದೆ.

ತಾಮ್ರದ ವಿಷಯಕ್ಕೆ ಬಂದರೆ ನಾವೇ ಸಿಕ್ಕಿಬೀಳುತ್ತೇವೆ. ಸ್ವಲ್ಪ ಲೆಕ್ಕ ಮಾಡೋಣ, ಕಾಗದ ಪೆನ್ನು ಇದ್ದವರು ಬರೆದುಕೊಳ್ಳಿ.

ಹೊಸ ವಿದ್ಯುತ್ ತಂತಿಯ ಅಡ್ಡಕೊಯ್ತ 107 ಚದರ ಮಿಲಿಮೀಟರ್. ಒಂದು ಕಿಲೋಮೀಟರ್ ತಂತಿಯಲ್ಲಿ ಸುಮಾರು 950 ಕಿಲೋ ತಾಮ್ರ. ಎಂಜಿನ್ ತಲೆ ಮೇಲಿನ ಚೌಕಟ್ಟು ಉಜ್ಜಿ ಉಜ್ಜಿ ಅದು ಸವೆಯುತ್ತೆ. ಹೆಚ್ಚೂಕಮ್ಮಿ ಮೂರನೇ ಒಂದು ಪಾಲು ಸವೆದರೆ ಬದಲಿಸಬೇಕು. ಅಂದರೆ ಕಿಲೋಮೀಟರಿಗೆ 300 ಕಿಲೋ ತಾಮ್ರ ಉದುರಿತು. ಮೂವತ್ತು ವರ್ಷದಲ್ಲಿ ಅಂತ ಹಿಡಿಯಿರಿ. ವರ್ಷಕ್ಕೆ 10 ಕಿಲೋ. ಹಳಿಯ ಎರಡೂ ಕಡೆ ಹತ್ತತ್ತು ಮೀಟರಿನಲ್ಲಿ ಅದೆಲ್ಲ ಬಿದ್ದರೆ ಐದು ಎಕರೆ ಆಯಿತು. ಎಕರೆಗೆ ವರ್ಷಕ್ಕೆ 2 ಕಿಲೋ. ಇದು ರೈಲು ಎಡೆಬಿಡದೆ ಓಡುವ ದಾರಿಗೆ ಹೊಂದುವ ಲೆಕ್ಕ. ನಮ್ಮ ಹಳಿಯ ಮೇಲೆ ದಿನಕ್ಕೆ ಬೆರಳೆಣಿಕೆಯ ಗಾಡಿ. ಇದರಲ್ಲಿ ಚೂರೇ ಚೂರು.

ಈಗ ನಮ್ಮ ಅಡಿಕೆ ತೋಟ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಮೇಲೆ ಕೆಲಸ ಮಾಡಿ ಇದನ್ನು ತೋರಿಸಿಕೊಟ್ಟರು. ಅದಕ್ಕೆ ಮುಂಚೆ ಮಳೆ ತಾಗದ ಹಾಗೆ ಗೊನೆಗೆ ಕೊಟ್ಟೆ ಕಟ್ಟುವುದೊಂದೇ ದಾರಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎಕರೆಗೆ 500 ಮರ, ಮರಕ್ಕೆ ಎರಡು ಲೀಟರ್ ಅಂತ ಇಟ್ಟುಕೊಂಡರೆ ಒಂದು ಸಲಕ್ಕೆ 1000 ಲೀಟರ್, 10 ಕಿಲೋ ಮೈಲುತುತ್ತ. ಮೈಲುತುತ್ತದಲ್ಲಿ ಕಾಲು ಪಾಲು ತಾಮ್ರ. ಎರಡೂವರೆ ಕಿಲೋ ಆಯಿತು. ವರ್ಷಕ್ಕೆ ಎರಡು ಸಲ ಹೊಡೆದರೆ 5 ಕಿಲೋ. ಮಳೆ ಜೋರಾದ ವರ್ಷ ಕೊನೆಗೌಡ ಮೂರನೇ ಸಲವೂ ಮರ ಹತ್ತುತ್ತಾನೆ. ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 900 ಟನ್ ತೂಗುತ್ತೆ. ಅಂದರೆ ಪ್ರತಿ ವರ್ಷ ಒಂದೊಂದು ಕಿಲೋ ಮಣ್ಣಿಗೆ ಐದಾರು ಮಿಲಿಗ್ರಾಂ ತಾಮ್ರ ಸೇರುತ್ತೆ. ಒಂದಷ್ಟು ತೊಳೆದು ಹೋಗುತ್ತೆ, ಬಹಳಷ್ಟು ಅಲ್ಲೇ ಕೂರುತ್ತೆ. ಅಜ್ಜನ ಕಾಲದಿಂದ ಹೊಡೆದ ತೋಟದಲ್ಲಿ ಎರೆಹುಳ ಯಾಕೆ ಕಡಿಮೆ ಅಂತ ಕೇಳುತ್ತೀರಲ್ಲ, ತಾಮ್ರವನ್ನೂ ಒಂದು ಕಾರಣ ಅಂತ ಬರೆದುಕೊಳ್ಳಿ.

ಒಬ್ಬರು ಸಿಟ್ಟಾದರು. "ಹಾಗಾದ್ರೆ ಬೋರ್ಡೋ ಬಿಡಬೇಕಾ? ಕೊಳೆ ಬಂದ್ರೆ ನೀವು ದುಡ್ಡು ಕೊಡ್ತೀರಾ?" ಬಿಡಿ ಅಂತ ನಾನು ಹೇಳಿಲ್ಲ. ನಮ್ಮ ಮನೆ ತೋಟಕ್ಕೂ ಹೊಡೆಸುತ್ತೇನೆ. ಹಳಿಯ ಅಂಚಿನ ತೋಟದಲ್ಲಿ ತಾಮ್ರ ಸಿಕ್ಕಿದರೆ ರೈಲ್ವೆಯವರಿಗೆ ಅರ್ಜಿ ಬರೆಯುವ ಮೊದಲು ಹಳಿಯೇ ಇಲ್ಲದ ಊರಿನ ಒಂದು ತೋಟದ ಮಣ್ಣನ್ನೂ ಜೊತೆಗೆ ಕಳಿಸಿ ಅಂತಷ್ಟೇ ಹೇಳುತ್ತಿದ್ದೇನೆ. ಅದೇ ಥರದ ಮಣ್ಣು, ಅದೇ ಥರದ ಮಳೆ, ಹಳಿ ಮಾತ್ರ ಇರಬಾರದು. ಅಂಥ ಒಂದು ಪೊಟ್ಟಣ ಇಲ್ಲದೆ ಬಂದ ಯಾವ ಅಂಕಿಯನ್ನೂ ನಾನು ನಂಬಲ್ಲ, ಎಷ್ಟೇ ದೊಡ್ಡ ಮಷಿನ್ನಿನಿಂದ ಬಂದಿರಲಿ.

ಇನ್ನು ಗಿಡದ ಕಡೆ ಬರೋಣ. ಮಣ್ಣಲ್ಲಿ ಇದ್ದದ್ದೆಲ್ಲ ಎಲೆಗೆ ಏರಲ್ಲ. ಸೀಸ ಸೋಮಾರಿ. ಮಣ್ಣಿನ ಕಬ್ಬಿಣಕ್ಕೆ ಅಂಟಿಕೊಂಡು ಕೂರುತ್ತೆ, ಬೇರಿಗೆ ಬಂದರೂ ಬಹುಪಾಲು ಅಲ್ಲೇ ನಿಲ್ಲುತ್ತೆ. ಎಲೆಯಲ್ಲಿ ಸಿಗುವ ಸೀಸ ಎಷ್ಟೋ ಸಲ ಮೇಲೆ ಕೂತ ದೂಳು, ಮಳೆ ಹನಿ ಸಿಡಿಸಿದ ಕೆಸರು. ತಾಮ್ರ, ಸತು ತೀರಾ ಜಾಸ್ತಿ ಆದರೆ ತಿನ್ನುವವನಿಗಿಂತ ಮೊದಲು ಗಿಡವೇ ಸೊರಗುತ್ತೆ. ಹೆದರಬೇಕಾದ್ದು ಕ್ಯಾಡ್ಮಿಯಂ ಅನ್ನುವ ವಿಷಲೋಹಕ್ಕೆ. ಗಿಡ ಹಸಿರಾಗಿ ನಗುತ್ತಾ ಇರುತ್ತೆ, ಒಳಗೆ ಅದು ಎಲೆ ತನಕ ಏರಿರುತ್ತೆ. ಮನುಷ್ಯನ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಉಳಿಯುತ್ತೆ. ಮಣ್ಣು ಹುಳಿ ಇದ್ದಷ್ಟೂ ಕ್ಯಾಡ್ಮಿಯಂಗೆ ದಾರಿ ಸಲೀಸು. ನಮ್ಮ ಮಲೆನಾಡಿನ ಮಣ್ಣು ಎಷ್ಟು ಹುಳಿ ಅಂತ ನಿಮಗೇ ಗೊತ್ತು, ರಸಸಾರ (ಪಿಎಚ್) ಐದರ ಆಸುಪಾಸು. ಸುಣ್ಣ ಹಾಕಿ ಅಂತ ಕೃಷಿಯವರು ಹೇಳುವುದು ಅಡಿಕೆಯ ಇಳುವರಿಗೆ. ಅದೇ ಸುಣ್ಣ ಕ್ಯಾಡ್ಮಿಯಂ ಅನ್ನೂ ಕಟ್ಟಿಹಾಕುತ್ತೆ.

ಸೊಪ್ಪಿಗೆ ಅಂತರರಾಷ್ಟ್ರೀಯ ಆಹಾರ ಸಂಹಿತೆಯ ಮಿತಿ ಕಿಲೋಗೆ 0.2 ಮಿಲಿಗ್ರಾಂ ಕ್ಯಾಡ್ಮಿಯಂ. ಎಷ್ಟು ಅಂದರೆ, ಒಂದು ಕಿಲೋ ಸೊಪ್ಪಿನಲ್ಲಿ ಪುಡಿ ಉಪ್ಪಿನ ಮೂರ್ನಾಲ್ಕು ಹರಳಿನ ತೂಕ. ಕಣ್ಣಿಗೂ ನಾಲಿಗೆಗೂ ಸಿಗುವ ಮಾತೇ ಇಲ್ಲ.

ಕೆಲವು ಗಿಡಗಳು ಈ ವಿಷಯದಲ್ಲಿ ವಿಚಿತ್ರ. ಹಳೇ ಗೋಡೆ, ಬಾವಿ ಕಟ್ಟೆಯ ಸಂದಿಯಲ್ಲಿ ಉದ್ದ ಎಲೆಯ ಜರಿಗಿಡ ನೋಡಿರುತ್ತೀರಿ. ಅದರಲ್ಲೊಂದು ಜಾತಿ ಟೆರಿಸ್ ವಿಟಾಟಾ. ಅಮೆರಿಕದ ಫ್ಲಾರಿಡಾದಲ್ಲಿ ಮರಕ್ಕೆ ಆರ್ಸೆನಿಕ್ ಮದ್ದು ಕುಡಿಸುತ್ತಿದ್ದ ಒಂದು ಪಾಳು ಜಾಗದಲ್ಲಿ ಅದು ದಿವಿನಾಗಿ ಬೆಳೆದಿತ್ತು. ಪರೀಕ್ಷಿಸಿದರೆ ಮಣ್ಣಿಗಿಂತ ಎಷ್ಟೋ ಪಟ್ಟು ಆರ್ಸೆನಿಕ್ ಎಲೆಯಲ್ಲೇ ತುಂಬಿಕೊಂಡಿತ್ತು. 2001ರಲ್ಲಿ ಅದು ದೊಡ್ಡ ಸುದ್ದಿ. ಮಣ್ಣು ತೊಳೆಯಲು ಆ ಗಿಡವನ್ನೇ ಬೆಳೆಸುವ ಪ್ರಯತ್ನ ಆಮೇಲೆ ಶುರುವಾಯಿತು. ಸೊಂಪಾಗಿ ಬೆಳೆದಿದೆ ಅಂದಮಾತ್ರಕ್ಕೆ ಮಣ್ಣು ಚೆನ್ನಾಗಿದೆ ಅಂತಲ್ಲ, ಅಲ್ವಾ?

ನಮ್ಮ ಒಂದೆಲಗವೂ ಕಮ್ಮಿಯದಲ್ಲ. ಮಲೇಷ್ಯಾದಲ್ಲಿ ಅದನ್ನು ಹಸಿಯಾಗಿ ತಿನ್ನುತ್ತಾರೆ. ಅಲ್ಲಿಯ ಸಂಶೋಧಕರು ಜಾಗದ ಲೋಹವನ್ನು ತಿಳಿಯುವುದಕ್ಕೆ ಒಂದೆಲಗವನ್ನೇ ಅಳತೆಗೋಲಾಗಿ ಬಳಸಿದ್ದಾರೆ. ಎಲೆಗಿಂತ ಬೇರಿನಲ್ಲಿ ಜಾಸ್ತಿ ಅಂತ ಕಂಡಿದ್ದಾರೆ. ನಾವು ತಂಬುಳಿಗೆ ಕಿತ್ತರೆ ಬೇರು ಸಮೇತ ಕೀಳುತ್ತೇವೆ, ತೊಳೆದು ಹಾಗೇ ರುಬ್ಬುತ್ತೇವೆ. ನೆಲಕ್ಕೆ ಅಂಟಿ ಹಬ್ಬುವ ಗಿಡ, ಮೇಲೆ ಕೆಸರು ಬೇರೆ. ಕೆಸುವಿನ ಎಲೆ ಎತ್ತರದಲ್ಲಿರುತ್ತೆ, ನೀರೂ ನಿಲ್ಲಲ್ಲ, ದೂಳಿನ ಮಟ್ಟಿಗೆ ಅದು ವಾಸಿ. ಆದರೆ ಅದೂ ಚರಂಡಿಯ ನೀರು ಕುಡಿದೇ ಬೆಳೆದದ್ದು.

ಪರೀಕ್ಷೆ ಎಲ್ಲಿ ಮಾಡಿಸೋದು ಅಂತ ಕೇಳಿದಿರಿ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶ ಇವೆ. ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ ಅದರಲ್ಲಿವೆ. ಆದರೆ ಅದು ನೋಡುವುದು ಬೆಳೆಗೆ ಸಾಕಾ ಅಂತ, ಹೆಚ್ಚಾಯಿತಾ ಅಂತಲ್ಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಅದರಲ್ಲಿ ಇಲ್ಲವೇ ಇಲ್ಲ. ಅವನ್ನು ಬೇರೆಯಾಗಿ ಹೇಳಿ ಮಾಡಿಸಬೇಕು. ಮಣ್ಣು ತೆಗೆಯುವಾಗ ಪಿಕಾಸಿ, ಗುದ್ದಲಿ ಬೇಡ, ಬಿದಿರಿನ ಚಕ್ಕೆ ಸಾಕು. ಕಬ್ಬಿಣದ ಹತಾರದಿಂದ ತೆಗೆದು ಕಬ್ಬಿಣ ಅಳೆದರೆ ನಗೆಪಾಟಲು. ಸೊಪ್ಪನ್ನು ಎರಡು ಭಾಗ ಮಾಡಿ ಒಂದನ್ನು ತೊಳೆದು, ಇನ್ನೊಂದನ್ನು ತೊಳೆಯದೆ ಕಳಿಸಿ. ಎರಡರ ನಡುವಿನ ಫರಕೇ ದೂಳು. ತೊಳೆದರೂ ಉಳಿದದ್ದು ಬಹುಪಾಲು ಬೇರಿನಿಂದ ಏರಿದ್ದು.

ದನದ ವಿಷಯ ಒಬ್ಬರು ಅಮ್ಮ ಕೇಳಿದರು, ಹಳಿ ಬದಿಯ ಕರಡದ ಹುಲ್ಲು ಕೊಯ್ದು ತರಬಹುದಾ ಅಂತ. ನಡು ಕಾಡಿನ ದಿಬ್ಬದ್ದು ತನ್ನಿ, ಬುಡದಿಂದ ನಾಲ್ಕು ಬೆರಳು ಬಿಟ್ಟು ಕೊಯ್ಯಿರಿ. ಸ್ಟೇಷನ್ ಯಾರ್ಡಿನದು ಬೇಡ. ಅಲ್ಲಿಯ ದರಕನ್ನೂ, ಅಂದರೆ ಉದುರಿದ ಒಣ ಎಲೆಯನ್ನೂ, ಕೊಟ್ಟಿಗೆಗೆ ಹಾಸಬೇಡಿ, ಗೊಬ್ಬರವಾಗಿ ತೋಟಕ್ಕೇ ಬರುತ್ತೆ. ಖಾಲಿ ಜಾಗದಲ್ಲಿ ತರಕಾರಿ ಬೆಳೆಯಲು ರೈಲ್ವೆ ತನ್ನ ನೌಕರರಿಗೆ ಬಿಟ್ಟುಕೊಡುವ ಹಳೇ ಪದ್ಧತಿ ಇತ್ತು, ಮುಂಬೈಯಲ್ಲಿ ಹಳಿಯ ಪಕ್ಕದ ಪಾಲಕ್ ಮಡಿಗಳನ್ನು ನೀವೂ ಕಿಟಕಿಯಿಂದ ನೋಡಿರಬಹುದು. ಅಂಥಲ್ಲಿ ಬೆಳೆಯುವುದೇ ಆದರೆ ಸೊಪ್ಪಿಗಿಂತ ಬೆಂಡೆ, ಬದನೆ, ಬಾಳೆ ಹಾಕುವುದು ಮೇಲು. ಕಾಯಿಗೆ ಲೋಹ ಏರುವುದು ಎಲೆಗಿಂತ ಸಾಮಾನ್ಯವಾಗಿ ಕಡಿಮೆ.

ಅತ್ತಿಗೆಗೆ ಕೊನೆಗೆ ಉತ್ತರ ಹೇಳಿದ್ದೇನೆ. ಅವರ ಜೊತೆಗೇ ಹೋಗಿ ಆ ಚರಂಡಿ ನೋಡಿಕೊಂಡು ಬಂದೆ. ಪ್ಲಾಟ್‌ಫಾರಂ ತುದಿಯಿಂದ ಮೂವತ್ತು ಹೆಜ್ಜೆ, ಜಲ್ಲಿ ಕೆಂಪಗಿದೆ, ಯಾರ್ಡಿನ ನೀರೆಲ್ಲ ಅಲ್ಲೇ ಇಳಿಯುತ್ತೆ. ಗ್ಯಾಂಗ್‌ಮನ್ ಹೇಳಿದ ಗುರುತು ಅಷ್ಟೂ ಇತ್ತು. "ಇಲ್ಲಿಯದು ಬೇಡ ಅತ್ತಿಗೆ, ಬಚ್ಚಲ ಹಿಂದೆ ಎರಡು ಬುಡ ನೆಟ್ಟುಕೊಳ್ಳಿ" ಅಂದೆ.

"ಬಚ್ಚಲ ಹಿಂದೆ ಇದೆ ಮಾರಾಯ. ಅದರ ಎಲೆ ಇಷ್ಟೇ ಇಷ್ಟು. ಇಲ್ಲಿ ಯಾಕೆ ಇಷ್ಟು ಸೊಂಪು?"

ಬೋಗಿಗಳಿಗೆ ಬಯೋ ಟಾಯ್ಲೆಟ್ ಬರುವ ಮುಂಚೆ ಸ್ಟೇಷನ್ನಿನಲ್ಲಿ ನಿಂತ ಗಾಡಿಯಿಂದ ಏನೇನು ಬೀಳುತ್ತಿತ್ತು ಅಂತ ಹೇಳಿದೆ. ಅತ್ತಿಗೆ ಚೀಲ ಅಲ್ಲೇ ಕೊಡವಿದರು.